ಉಡಿ ತುಂಬಿದ ದಿನ ಬಾಯಿ ಬಿಟ್ಟೆ

ಬನಶಂಕರಿ ತಾಯಿಯ ಭಕ್ತರೆಲ್ಲರಿಗೂ ಶರಣು. ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ನನ್ನ ಕತೆ ಮುಗಿಯಿತು ಎಂದೇ ತಿಳಿದಿದ್ದೆ.

ಸಂಜೆಯಾದರೆ ನೂರೊಂದು ಜ್ವರ, ಹೊಟ್ಟೆಯ ಬಲಗಡೆ ನೋವು. ಮೂರು ತಿಂಗಳಲ್ಲಿ ಮೂವತ್ತು ಪೌಂಡ್ ಇಳಿದೆ. ಅಮೆರಿಕದಲ್ಲಿ ನಾವಿರುವ ಕ್ಯಾಂಟನ್‌ನ ಇಂಡಿಯನ್ ಸ್ಟೋರಿನಲ್ಲಿ ಸಿಕ್ಕ ಗೆಳತಿಯರು, "ಎಷ್ಟ್ ಸ್ಲಿಮ್ ಆಗಿದೀರಾ, ಯಾವ ಡಯಟ್?" ಎಂದು ಕೇಳಿದರೆ ಶುಕ್ರವಾರದ ಉಪವಾಸದ ಫಲವೆಂದು ಹಿಗ್ಗುತ್ತಿದ್ದೆ. ನನ್ನ ಬುದ್ಧಿಗೆ ಏನನ್ನಬೇಕು! ಒಂದು ಬೆಳಿಗ್ಗೆ ಮಗಳು ನನ್ನ ಮುಖ ನೋಡಿ, "ಅಮ್ಮಾ, ಯುವರ್ ಐಸ್ ಆರ್ ಯೆಲ್ಲೋ" ಎಂದಳು.

ಆನ್ ಆರ್ಬರ್‌ನ ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಪಿತ್ತನಾಳಕ್ಕೂ ಸಣ್ಣ ಕರುಳಿಗೂ ನಡುವೆ ಇರಬಾರದ ದಾರಿಯೊಂದು ಕೊರೆದುಕೊಂಡಿತ್ತು. ಕರುಳಿನ ಹೊಲಸು ಪಿತ್ತನಾಳಕ್ಕೆ ಏರಿ ನಂಜಾಗಿತ್ತು. ಸುತ್ತಲೂ ಗಂಟುಗಳು. ತೆಗೆದು ನೋಡಿದ ಚೂರಿನಲ್ಲಿ ಏನೂ ಸ್ಪಷ್ಟವಾಗಲಿಲ್ಲ. ಕ್ಯಾನ್ಸರ್ ಇರಬಹುದು, ಪಿತ್ತನಾಳವನ್ನೂ ಕರುಳಿನ ಒಂದು ಭಾಗವನ್ನೂ ತೆಗೆಯಬೇಕು ಎಂದರು. ಬದುಕಿ ಬರುವ ಭರವಸೆ ಕೊಡಲಿಲ್ಲ.

ಅದಕ್ಕೂ ಮುಂಚೆ ಡಾಕ್ಟರಮ್ಮ, ಮನೆಯಲ್ಲಿ ಯಾರಿಗಾದರೂ ಟಿಬಿ ಇತ್ತೇ ಎಂದು ಕೇಳಿದ್ದರು. ಪಕ್ಕದಲ್ಲೇ ಯಜಮಾನರಿದ್ದರು. ಇಲ್ಲವೆಂದೆ. ಹಳೆಯ ಟಿಬಿ ಸ್ಕಿನ್ ಟೆಸ್ಟ್ ಪಾಸಿಟಿವ್ ಬಂದಿದೆಯಲ್ಲ ಎಂದರು ಡಾಕ್ಟರಮ್ಮ. ಅದು ಚಿಕ್ಕಂದಿನ ಬಿಸಿಜಿ ಚುಚ್ಚುಮದ್ದಿನಿಂದ, ಇಂಡಿಯಾದವರಿಗೆಲ್ಲ ಹಾಗೇ ಬರುತ್ತದೆ ಎಂದು ನಾನೇ ಅವರಿಗೆ ಪಾಠ ಹೇಳಿದೆ. ಹಿಂದೆ ಡೇಕೇರ್ ಕೆಲಸಕ್ಕೆ ಸೇರುವಾಗಲೂ ಇದೇ ಮಾತು ಹೇಳಿ, ಟಿಬಿ ಬಾರದಂತೆ ಕೊಡುವ ಮಾತ್ರೆ ನುಂಗದೆ ತಪ್ಪಿಸಿಕೊಂಡಿದ್ದೆ.

ಸತ್ಯ ಬೇರೆಯೇ ಇತ್ತು. ಅವ್ವನ ತಂಗಿ, ನನ್ನ ಚಿಗವ್ವ, ಟಿಬಿಯಿಂದ ಕೆಮ್ಮಿ ಕೆಮ್ಮಿ ನಮ್ಮ ಮನೆಯಲ್ಲೇ ತೀರಿಕೊಂಡಳು. ಚಿಕ್ಕವಳಾಗಿದ್ದ ನಾನು ಆಕೆಯ ಮಗ್ಗುಲಲ್ಲೇ ಮಲಗುತ್ತಿದ್ದೆ. ನನ್ನ ಮದುವೆಯ ಮಾತು ಶುರುವಾದಾಗ ಅವ್ವ ಕೈ ಹಿಡಿದು, "ಸಾಯೂತನಾ ಯಾರ ಮುಂದನೂ ಅನಬ್ಯಾಡ. ನಿನ್ನ ತಂಗ್ಯಾರ ಲಗ್ನ ಆಗಾಂಗಿಲ್ಲ" ಎಂದಿದ್ದಳು. ಇಪ್ಪತ್ತೆರಡು ವರ್ಷ ನಾನು ತುಟಿ ಪಿಟಕ್ಕೆನ್ನಲಿಲ್ಲ.

ಆಪರೇಷನ್ನಿನ ಹಿಂದಿನ ಮಧ್ಯಾಹ್ನ ನಮ್ಮ ಬಡಾವಣೆಯ ನೀಲಾ ಆಂಟಿ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು ಕಟ್ಟಿಕೊಂಡು ಬಂದರು. ಆಸ್ಪತ್ರೆಯ ಗೌನಿಗೆ ಸೆರಗೆಲ್ಲಿಂದ ಬರಬೇಕು? ಮಡಿಲಲ್ಲಿ ಟವೆಲ್ ಹಾಸಿ ಉಡಿ ತುಂಬತೊಡಗಿದರು. ಆ ಹೊತ್ತಿನಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ತಾಯಿಗೆ ಹೇಳಿಕೊಳ್ಳುವುದು ನಮ್ಮ ಮನೆಯ ಪದ್ಧತಿ.

"ಅಂಜಬ್ಯಾಡವಾ," ಎಂದರು ಆಂಟಿ. "ಮನಸಿನ್ಯಾಗ ಏನದ, ಎಲ್ಲಾ ಅಕಿ ಮುಂದ ಹೇಳಿಬಿಡು."

ಒಳಗೊಳಗೇ ಹೇಳಿಕೊಳ್ಳೋಣವೆಂದು ಕಣ್ಣು ಮುಚ್ಚಿದೆ. ಬಾಯಿ ತಾನಾಗಿ ತೆರೆಯಿತು. "ತಾಯಿ, ನಮ್ಮ ಚಿಗವ್ವಗ ಟಿಬಿ ಇತ್ತು. ನಾ ಸುಳ್ಳ ಹೇಳೀನಿ."

ಆಂಟಿಯ ಕೈ ಅಕ್ಕಿಯಲ್ಲೇ ನಿಂತಿತು. ಯಜಮಾನರು ಕಿಟಕಿಯ ಬಳಿಯಿಂದ ತಿರುಗಿ ನೋಡಿದರು.

"ಇಷ್ಟ್ ವರ್ಷ ನನ್ನ ಕೂಡ ಸಂಸಾರ ಮಾಡಿ, ನನಗೂ ಹೇಳ್ಲಿಲ್ಲಲಾ ನೀ?"

ನನ್ನ ಉತ್ತರಕ್ಕೆ ಕಾಯದೆ ಹೊರಗೆ ಹೋಗಿ ಡಾಕ್ಟರನ್ನು ಕರೆತಂದರು.

ಆಪರೇಷನ್ ನಿಂತಿತು. ಗಂಟಿನಿಂದ ಮತ್ತೆ ಚೂರು ತೆಗೆದು, ಈ ಸಲ ಟಿಬಿ ಪರೀಕ್ಷೆಗೇ ಕಳಿಸಿದರು. ಅದೇ ಆಗಿತ್ತು, ಇಷ್ಟು ವರ್ಷ ಒಳಗೇ ಅಡಗಿದ್ದ ಹೊಟ್ಟೆಯ ಟಿಬಿ. ಮಾತ್ರೆಗಳೇನೂ ಪ್ರಸಾದವಲ್ಲ, ವಾಂತಿ, ಕೀಲುನೋವು, ದಿನವಿಡೀ ಸುಸ್ತು. ಯಜಮಾನರು ಎರಡು ತಿಂಗಳು ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ಆದರೆ ಒಂದು ದಿನವೂ ಮಾತ್ರೆ, ನೀರು ತಂದು ಕೊಡುವುದನ್ನು ತಪ್ಪಿಸಲಿಲ್ಲ. ಒಂಬತ್ತು ತಿಂಗಳ ಮೇಲೆ ಸ್ಕ್ಯಾನ್ ಮಾಡಿದಾಗ ಆ ದಾರಿ ಮುಚ್ಚಿಕೊಂಡಿತ್ತು. ಔಷಧ ಡಾಕ್ಟರರದೇ, ಒಪ್ಪುತ್ತೇನೆ. ನನ್ನ ಬಾಯಿ ಬಿಡಿಸಿದವಳು ಮಾತ್ರ ಬನಶಂಕರಿ. ನನಗೆ ಅದರಲ್ಲಿ ಎಳ್ಳಷ್ಟೂ ಅನುಮಾನವಿಲ್ಲ.

ಇದನ್ನು ಬರೆಯುವ ಮುಂಚೆ ಅವ್ವನಿಗೆ ಫೋನ್ ಮಾಡಿ, "ಎಲ್ಲಾರಿಗೂ ಗೊತ್ತಾಗೂಹಂಗ ಬರೀತೀನವ್ವಾ" ಎಂದೆ. ಬೈಯುತ್ತಾಳೆಂದುಕೊಂಡಿದ್ದೆ. ಆದರೆ ಅವ್ವ ಅಳುತ್ತಲೇ, "ಬರಿ. ಅಕಿ ಹೆಸರು ಹಾಕಿ ಬರಿ" ಎಂದಳು.

ನನ್ನ ಚಿಗವ್ವನ ಹೆಸರು ಗಂಗವ್ವ. ತೀರಿಕೊಂಡಾಗ ಆಕೆಗೆ ಮೂವತ್ತೊಂದು ವರ್ಷ. ತಾಯಿಗೆ ಕೈಮುಗಿಯುವಾಗ ಆಕೆಯನ್ನೂ ನೆನೆಯಿರಿ.