ಬೆಂಚಕ್ಕ ಚಾಪೆ ಹಾಸಿ ಮುಚ್ಚಿದ ಗೀರುಗಳು

ಹೆರಿಗೆ ವಾರ್ಡಿನ ಆಯಾಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲೂ ಅದು ಚಲಾವಣೆಯಲ್ಲಿರಲಿಲ್ಲ. ಎಲ್ಲರಿಗೂ ಆಕೆ ಬೆಂಚಕ್ಕ.

ಹತ್ತೊಂಬತ್ತು ವರ್ಷದಿಂದ ದಿನಾ ಬೆಳಗ್ಗೆ ಅವಳ ಮೊದಲ ಕೆಲಸ ಒಂದೇ. ಹೆರಿಗೆ ಕೋಣೆಯ ಬಾಗಿಲಿಗೆ ಬಂದು ನಿಂತಿರುವ ಕಬ್ಬಿಣದ ಬೆಂಚನ್ನು ದರದರ ಎಳೆದು, ಕಾರಿಡಾರಿನ ತಿರುವಿನಾಚೆ ಅದರ ಜಾಗಕ್ಕೆ ಸೇರಿಸುವುದು. ಸ್ಟ್ರೆಚರಿಗೆ ಅಡ್ಡ ಆಗಬಾರದಲ್ಲ! ಸಂಜೆಯೊಳಗೆ ಅದು ತವರು ಬಿಟ್ಟಿರಲಾರದ ಹೊಸ ಸೊಸೆಯ ಹಾಗೆ ಮತ್ತೆ ಬಾಗಿಲಿಗೆ ಹಾಜರು.

"ಏನಣ್ಣಾ, ಬೆಂಚಿಗೆ ಕಾಲಿದೆ ಅಂತ ನಡೆಸ್ಕೊಂಡು ಬರೋದಾ?" ಎಂದು ಹೆರಿಗೆಗೆ ಕಾಯುತ್ತ ಕೂತವರನ್ನು ಗದರುವಳು.

"ಅಲ್ಲಿಂದ ಬಾಗಿಲು ಕಾಣಲ್ಲ ಕಣಕ್ಕಾ."

"ಬಾಗಿಲು ನೋಡ್ತಾ ಕೂತ್ರೆ ಮಗು ಬೇಗ ಹುಟ್ಟತ್ತಾ?"

ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅವಳ ಮಗಳೇ ಒಳಗಿದ್ದಳು. ತಿರುವಿನಾಚೆಯ ಬೆಂಚಿನ ಮೇಲೆ ಬೆಂಚಕ್ಕ ಕಾಲು ಗಂಟೆ ಕೂತಳು. ಆಮೇಲೆ ಅಳಿಯನಿಗೆ, "ಆ ಕಡೆ ಹಿಡ್ಕೊಳಪ್ಪಾ" ಅಂದಳು. ಮೊಮ್ಮಗ ಹುಟ್ಟಿದ. ಬೆಂಚಿನ ಸಂಗತಿ ಅವಳ ಹೊಟ್ಟೆಯಲ್ಲೇ ಉಳಿಯಿತು.

ಈಗ ಹೊಸ ಆಸ್ಪತ್ರೆ ಕಟ್ಟುವ ಕಾಲ ಬಂತು. ನಕ್ಷೆ ಬರೆಯುವ ಮೇಡಂ ಜನರ ಅಭಿಪ್ರಾಯ ಕೇಳಲು ಸಭೆ ಕರೆದರು. ಆಸ್ಪತ್ರೆಯ ದೊಡ್ಡ ಡಾಕ್ಟರು ಜನರಿಗೆ ಅಭಿಪ್ರಾಯದ ಕೊರತೆ ಆಗದಿರಲೆಂದು ತಾವೇ ನಲವತ್ತು ನಿಮಿಷ ಮಾತಾಡಿದರು. ಕೊನೆಗೆ, "ಹಳೇ ನೆಲ ಕೆರೆದು ಹಾಳು ಮಾಡಿದೋರಿಗೆ ಹೊಸ ಕಟ್ಟಡದಲ್ಲಿ ಕೆಲಸ ಇಲ್ಲ" ಎಂದರು.

ಹಿಂದೆ ನಿಂತಿದ್ದ ಬೆಂಚಕ್ಕ ವಾರ್ಡಿನ ಕಡೆ ತಿರುಗಿ ನೋಡಿದಳು. ಬೆಂಚು ಎಳೆದೆಳೆದು ಬಿದ್ದ ಗೀರುಗಳ ಮೇಲೆ ಅವಳು ಎಂದೋ ನಾರಿನ ಚಾಪೆ ಹಾಸಿದ್ದಳು. ಸಭೆ ಮುಗಿಸಿ ವಾರ್ಡು ನೋಡಲು ಬಂದ ಮೇಡಂ ಅದೇ ಚಾಪೆಗೆ ಎಡವಿದರು. ಚಾಪೆ ಸರಿಯಿತು. ತಿರುವಿನಿಂದ ಬಾಗಿಲವರೆಗೆ, ಗಾಡಿಜಾಡಿನ ಹಾಗೆ ಆಳವಾದ ಗೀರುಗಳು.

"ಯಾರು ಮಾಡಿದ್ದು?" ದೊಡ್ಡ ಡಾಕ್ಟರು ಗುಡುಗಿದರು.

"ಜನಾನೇ ಸಾರ್..." ಅಂದಳು ಬೆಂಚಕ್ಕ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮನಸ್ಸು ಒಪ್ಪಲಿಲ್ಲ. "ನಾನೂ ಎಳೆದಿದೀನಿ. ದಿನಾ ಆ ಕಡೆಗೆ. ಮಗಳು ಒಳಗಿದ್ದಾಗ ಒಂದ್ಸಲ ಈ ಕಡೆಗೆ. ಆ ಮೂಲೇಲಿ ಕೂತ್ರೆ ಒಳಗಿಂದ ಯಾರು ಬಂದ್ರು, ಅವರ ಮುಖ ಹೇಗಿದೆ, ಒಂದೂ ಗೊತ್ತಾಗಲ್ಲ ಸಾರ್. ಜೀವ ಬಾಯಿಗೆ ಬರತ್ತೆ."

ಮೇಡಂ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಟೇಪು ಬಿಚ್ಚಿ ಗೀರುಗಳನ್ನು ಅಳೆದರು. "ನಾಲ್ಕು ತಿಂಗಳಿಂದ ಪ್ರಶ್ನೆಗಳ ಹಾಳೆ ಹಂಚ್ತಿದೀನಿ ಡಾಕ್ಟ್ರೇ. ಉತ್ತರ ಜನ ಇಲ್ಲಿ ಬರೆದಿಟ್ಟಿದಾರೆ! ಹೊಸ ವಾರ್ಡಿಗೆ ಈ ಅಕ್ಕ ಬೇಕೇ ಬೇಕು."

"ನಾನೂ ಅದನ್ನೇ ಹೇಳೋನಿದ್ದೆ" ಎಂದರು ದೊಡ್ಡ ಡಾಕ್ಟರು.

ಹೊಸ ವಾರ್ಡಿನಲ್ಲಿ ಬಾಗಿಲ ಎದುರಿನ ಗೋಡೆಯನ್ನು ಒಳಕ್ಕೆ ಸರಿಸಿ, ಸ್ಟ್ರೆಚರಿಗೆ ದಾರಿ ಬಿಟ್ಟು, ಬೆಂಚು ಕೂರಿಸಿದ್ದಾರೆ. ಮೊದಲ ಬೆಳಗ್ಗೆ ಬೆಂಚಕ್ಕ ಅಭ್ಯಾಸಬಲದಿಂದ ಅದನ್ನು ಹಿಡಿದು ಜಗ್ಗಿದಳು. ಜಪ್ಪಯ್ಯ ಅನ್ನಲಿಲ್ಲ, ಗೋಡೆಗೇ ಬೋಲ್ಟು ಹಾಕಿತ್ತು.

ಅಲ್ಲಿ ಕೂತಿದ್ದ ಅಜ್ಜಿಯೊಬ್ಬಳು ಗಾಬರಿಯಾಗಿ, "ಏಳಬೇಕೇನಮ್ಮಾ?" ಅಂದಳು.

"ಬೇಡ ತಾಯಿ, ಕೂತ್ಕೊಳ್ಳಿ." ತಾನೂ ಪಕ್ಕದಲ್ಲಿ ಗಳಿಗೆಹೊತ್ತು ಕೂತು ನೋಡಿದಳು. ಬಾಗಿಲು ಕಾಣುತ್ತಿತ್ತು. ಬಕೆಟ್ ಎತ್ತಿಕೊಂಡು ಹೊರಡುವಾಗ ಬೆಂಚಿನ ಬೆನ್ನನ್ನು ಒಮ್ಮೆ ಸವರಿದಳು, ಮೊಮ್ಮಗನ ಬೆನ್ನು ಸವರುವ ಹಾಗೆ.