ನಮ್ಮ ಆಸ್ಪತ್ರೆಯ ಹಳೆಯ ಡಾಕ್ಟರು

ಮೊಳಕಾಲ್ಮೂರು ಕಡೆಯ ಹಳ್ಳಿ ಆಸ್ಪತ್ರೆಯಲ್ಲಿ ನಾನು ನರ್ಸ್, ಅವರು ಡಾಕ್ಟರು. ಬಸುರಿಯರ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡಿ, "ಮೈಯಾಗೆ ರಕ್ತ ಎಲ್ಲೈತವ್ವಾ?" ಎಂದು ಗದರುತ್ತಿದ್ದರು. ವಿದೇಶಿ ಸಂಸ್ಥೆಯೊಂದರ ಕೆಲಸದ ಸಂದರ್ಶನಕ್ಕೆ ಅವರು ಯಾರಿಗೂ ಹೇಳದೆ ದೆಹಲಿಗೆ ಹೋದ ದಿನ, ಕುರಿಗಾಹಿಗಳ ಮಗಳೊಬ್ಬಳು ಚೊಚ್ಚಲ ಹೆರಿಗೆಯಲ್ಲಿ ರಕ್ತಸ್ರಾವವಾಗಿ ನನ್ನ ಕೈಯಲ್ಲೇ ಸತ್ತಳು.

ಹೋದ ವರ್ಷ ಅದೇ ಸಂಸ್ಥೆಯ ಮುಖ್ಯಸ್ಥರಾಗಿ, ವಿದೇಶಿ ಅತಿಥಿಗಳನ್ನು ಕರೆದುಕೊಂಡು ಅವರು ನಮ್ಮ ಆಸ್ಪತ್ರೆಗೆ ಬಂದರು. ಆ ಹುಡುಗಿಯನ್ನು ಉಳಿಸಲು ತಾವು ಹೆಣಗಾಡಿದ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದರು. ಅಲ್ಲೇ ಕೂತಿದ್ದ ಅವಳ ತಾಯಿಗೆ ಇಂಗ್ಲಿಷ್ ತಿಳಿಯದು. ಡಾಕ್ಟರನ್ನೇ ನೋಡುತ್ತಿದ್ದವಳು ಎದ್ದು ನಿಂತು ಕೇಳಿದಳು:

"ನನ್ ಮಗ್ಳು ಸಾಯೋವಾಗ ನೀವೆಲ್ಲಿದ್ರಿ ಸಾರ್?"

ಏನೆಂದಳು ಎಂದು ಅತಿಥಿಯೊಬ್ಬರು ವಿಚಾರಿಸಿದರು.

"ನಮ್ಮನ್ನು ಹರಸುತ್ತಿದ್ದಾಳೆ" ಎಂದು ಡಾಕ್ಟರು ಇಂಗ್ಲಿಷಿನಲ್ಲೇ ಹೇಳಿ, ಆಕೆಗೆ ಕೈ ಮುಗಿದರು.

ಅತಿಥಿಗಳೆಲ್ಲ ಚಪ್ಪಾಳೆ ತಟ್ಟಿದರು. ಎಲ್ಲವೂ ಅರ್ಥವಾಗಿದ್ದ ನಾನೂ ತಟ್ಟಿದೆ.