ಬನಿಯನ್ ಜೇಬಿನ ತೂಕದ ಕಲ್ಲು

ತುಮಕೂರಿನ ಆಸ್ಪತ್ರೆಯಲ್ಲಿ ತೂಕದ ಯಂತ್ರದ ಮುಂದೆ ನಮಗಿಂತ ಮೊದಲು ಇನ್ನಿಬ್ಬರೇ ಇದ್ದರು. ಆಗ ನಮ್ಮ ಯಜಮಾನರ ಅಂಗಿಯ ಒಂದು ಬದಿ ಜೋತುಬಿದ್ದಿದ್ದು ಕಣ್ಣಿಗೆ ಬಿತ್ತು. ಜಠರದ ಕ್ಯಾನ್ಸರ್ ಬಂದ ಮೇಲೆ ಅವರ ಅಂಗಿಗಳೆಲ್ಲ ದೊಗಲೆಯೇ. ಜಾರುವ ಉಡಿದಾರಕ್ಕೆ ನಾನೇ ಮೂರು ಸಲ ಗಂಟು ಬಿಗಿ ಮಾಡಿದ್ದೆ. ಇದು ಬೇರೆ ಥರ. ಒಳಗೇನೋ ಭಾರ ಜಗ್ಗುತ್ತಿತ್ತು.

ನಲವತ್ತೆಂಟು ಕೆ.ಜಿ.ಗಿಂತ ಇಳಿದರೆ ದೇಹ ತಡೆಯುವುದಿಲ್ಲ, ಕೀಮೋ ಮುಂದಕ್ಕೆ ಹಾಕುತ್ತೇವೆ ಎಂದು ಡಾಕ್ಟರು ಹಿಂದಿನ ಸಲವೇ ಹೇಳಿದ್ದರು.

ತೋಳು ಹಿಡಿಯುವ ನೆಪದಲ್ಲಿ ಮುಟ್ಟಿದೆ. ಬನಿಯನ್ ಜೇಬಿನಲ್ಲಿ ಕಬ್ಬಿಣ! ಶಿರಾದ ನಮ್ಮ ಕಡಲೆಕಾಯಿ ಮಂಡಿಯ ಎರಡು ತೂಕದ ಕಲ್ಲು, ಒಂದೊಂದು ಕೆ.ಜಿ.ಯವು.

"ರೀ, ಇದೇನ್ರೀ?"

"ಸುಮ್ನಿರೇ. ಇದೊಂದು ಸಲ ಪಾಸಾಗ್ಬುಟ್ರೆ ಸಾಕು."

"ಮಂಡೀಲಿ ಯಾರಾದ್ರೂ ಹಿಂಗೆ ಮಾಡಿದ್ರೆ ನೀವು ಬಿಡ್ತಿದ್ರಾ?"

"ಅಲ್ಲಿ ಕಾಯಿ ತೂಗ್ತೀವಿ ಕಣೇ. ಇಲ್ಲಿ ನನ್ನೇ ತೂಗ್ತವ್ರೆ."

ಮುಂದಿದ್ದವರು ಯಂತ್ರದಿಂದ ಇಳಿದರು. ತೂಕ ನೋಡಿಯೇ ಔಷಧದ ಅಳತೆ ಹಾಕುತ್ತಾರೆಂದು ನರ್ಸಮ್ಮ ಹೇಳಿದ್ದು ನೆನಪಾಯಿತು. ಇಲ್ಲದ ಮೈಗೂ ಸೇರಿಸಿ ಔಷಧ ಹೋದರೆ? ಕೈ ಚಾಚಿದೆ. ಅವರು ನನ್ನ ಮುಖ ನೋಡದೆ ಒಂದೊಂದೇ ಕಲ್ಲು ತೆಗೆದು ನನ್ನ ಬ್ಯಾಗಿಗೆ ಹಾಕಿದರು.

ಯಂತ್ರ ನಲವತ್ತೇಳಕ್ಕಿಂತ ಕೆಳಗೇ ನಿಂತಿತು. ಕೀಮೋ ಎರಡು ವಾರ ಮುಂದಕ್ಕೆ ಹೋಯಿತು.

"ಏನು ಕೊಡ್ತಿದ್ದೀರಮ್ಮ ತಿನ್ನೋಕೆ?" ಡಾಕ್ಟರು ಕೇಳಿದರು. ಮನೆಯಲ್ಲಿ ಅತ್ತೆ ಹಾಕಿಕೊಟ್ಟಿದ್ದ ಪಥ್ಯ ಒಪ್ಪಿಸಿದೆ. ಸೋಸಿದ ರಾಗಿ ಗಂಜಿ, ತುಪ್ಪ ಇಲ್ಲ, ಕಡಲೆಬೀಜ ಪಿತ್ತವೆಂದು ಅಡುಗೆಮನೆಯಿಂದಲೇ ಆಚೆ.

"ಕಾಯಿಲೆಯೇ ಅವರ ಮಾಂಸಖಂಡ ತಿಂತಿದೆ. ನೀವೂ ಪಥ್ಯ ಮಾಡಿದ್ರೆ ಹೇಗೆ? ಎರಡು ಗಂಟೆಗೊಂದ್ಸಲ ಸ್ವಲ್ಪ ಸ್ವಲ್ಪ ಕೊಡಿ. ಕುರ್ಚಿಯಿಂದ ಎದ್ದು ಕೂತು ಮಾಡಿಸಿ, ಕಾಲಿಗೆ ಬಲ ಉಳೀಲಿ."

ಬಸ್ಸಿನಲ್ಲಿ ಬ್ಯಾಗು ತೊಡೆಯ ಮೇಲೆ ಒತ್ತುತ್ತಿತ್ತು.

ಮನೆಗೆ ಬಂದು ಕಡಲೆಬೀಜ ಹುರಿದು ಕುಟ್ಟುತ್ತಿದ್ದಾಗ ಅತ್ತೆ ಬಾಗಿಲಿಗೆ ಬಂದು ನಿಂತರು.

"ಪಿತ್ತ ಏರ್ಸಿ ನನ್ ಮಗನ್ನ ಸಾಯಿಸ್ಬೇಕು ಅಂತ ಮಾಡಿದ್ದೀಯೇನಮ್ಮ?"

ನಾನು ಅವರಿಗೆ ಎದುರಾಡಿದವಳಲ್ಲ. ಆವತ್ತೂ ದನಿ ಏರಲಿಲ್ಲ. ಬ್ಯಾಗಿನಿಂದ ಎರಡು ಕಲ್ಲನ್ನೂ ತೆಗೆದು ಕಟ್ಟೆಯ ಮೇಲಿಟ್ಟೆ.

"ಅತ್ತೆ, ನಿಮ್ಮ ಮಗ ಇವನ್ನ ಜೇಬಲ್ಲಿಟ್ಕೊಂಡು ತೂಕಕ್ಕೆ ನಿಂತಿದ್ರು."

ಮಂಡಿಯ ಕಲ್ಲನ್ನು ಅವರು ಗುರುತಿಸದೆ ಇರುತ್ತಾರೆಯೇ? ಗಂಜಿಗೆ ನಾನು ಪುಡಿ ಕಲಸಿ, ತುಪ್ಪ ಬಿಡುವುದನ್ನು ನಿಂತು ನೋಡಿದರು. ತಡೆಯಲಿಲ್ಲ.

ಯಜಮಾನರು ಮೂರು ಚಮಚ ತಿಂದು ಬಟ್ಟಲು ಸರಿಸಿದರು. ನಾನು ಗಡಿಯಾರ ನೋಡಿದೆ. ಮುಂದಿನ ಮೂರು ಚಮಚಕ್ಕೆ ಇನ್ನು ಎರಡು ಗಂಟೆ.